ಮಾತು ನಿಂತಾಗ ಆಗುವ ಮುಜುಗರ: ತುಂಬಬೇಕಾ, ಬಿಡಬೇಕಾ?

ಅರ್ಧವಿರಾಮ
ಅಷ್ಟಕ್ಕಷ್ಟೇ ಪರಿಚಯ ಇರುವವರ ಜೊತೆ ಮಾತಾಡುವಾಗ ನಡುವೆ ತಟ್ಟನೆ ಮೌನ ಬೀಳುತ್ತಲ್ಲ, ಅದರ ಬಗ್ಗೆ ಗಟ್ಟಿ ಮಾಹಿತಿ ಬೇಕಿತ್ತು. 'ಆತ್ಮವಿಶ್ವಾಸ ಬೆಳೆಸಿಕೊಳ್ಳಿ', 'ಸಹಜವಾಗಿರಿ' ಥರದ ಉಪದೇಶ ಎಲ್ಲ ಕಡೆ ಸಿಗುತ್ತೆ, ಅದು ಬೇಡ. ಎಷ್ಟು ಸೆಕೆಂಡ್ ಆದಮೇಲೆ ಮೌನ ಕಸಿವಿಸಿ ಅನ್ನಿಸುತ್ತೆ? ಯಾಕೆ? ಆಗ ಏನು ಹೇಳಬೇಕು, ಏನು ಹೇಳಬಾರದು? ವೀಡಿಯೋ ಕಾಲ್‌ನಲ್ಲಿ ಇದು ಜಾಸ್ತಿ ಆಗೋದು ಯಾಕೆ? ಈ ವಿಷಯ ಓದಿಕೊಂಡವರು, ಕೆಲಸದಲ್ಲಿ ಬಳಸುವವರು ತಿಳಿಸಿ.

ತೆರಪು
ಸೆಕೆಂಡ್ ಲೆಕ್ಕಕ್ಕಿಂತ ಮೊದಲು ಮೌನ ಎಲ್ಲಿ ಬಿತ್ತು ಅಂತ ನೋಡಬೇಕು. ಸ್ಯಾಕ್ಸ್, ಶೆಗ್ಲಾಫ್, ಜೆಫರ್ಸನ್ ಎಂಬ ಮೂವರು ಸಂಭಾಷಣಾ ಸಂಶೋಧಕರು 1974ರಲ್ಲಿ ಮಾತಿನ ಸರದಿ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ವಿಂಗಡಿಸಿದ್ದಾರೆ. ಒಬ್ಬರು ಮಾತಿನ ಮಧ್ಯೆಯೇ ತಡೆದು ನಿಲ್ಲುವುದು ಒಂದು. ಅವರ ಮಾತು ಮುಗಿದು ಇನ್ನೊಬ್ಬರು ಶುರುಮಾಡುವ ಮೊದಲಿನ ತೆರಪು ಇನ್ನೊಂದು. ಇಬ್ಬರಿಗೂ ಹೇಳಲು ಏನೂ ಉಳಿಯದೆ ಮಾತು ಬತ್ತಿಹೋಗುವುದು ಮತ್ತೊಂದು.

ಕೇಳುವವರ ಕಿವಿಗೆ ಮೂರೂ ಒಂದೇ, ಆದರೆ ಮಾಡಬೇಕಾದ್ದು ಬೇರೆ ಬೇರೆ. ಮೊದಲನೆಯದರಲ್ಲಿ ಸರದಿ ಇನ್ನೂ ಅವರದ್ದೇ, ಆದ್ದರಿಂದ ಸುಮ್ಮನಿರಿ. ಎರಡನೆಯದರಲ್ಲಿ ಉತ್ತರ ಬಾಕಿ ಇದೆ. ಅದು ತಡವಾಗುತ್ತಿರುವುದೇ ಒಂದು ಸುದ್ದಿ. ಮೂರನೆಯದರಲ್ಲಿ ಯಾರೂ ಯಾರಿಗೂ ಏನೂ ಬಾಕಿ ಇಟ್ಟಿಲ್ಲ. ಜನ ಹೆಚ್ಚು ಹೆದರುವುದು ಈ ಮೂರನೆಯದಕ್ಕೆ, ನಿಜವಾಗಿ ಸೂಕ್ಷ್ಮವಾದದ್ದು ಎರಡನೆಯದು.

ಈಗ ಅಂಕಿ. ಹತ್ತು ಭಾಷೆಗಳಲ್ಲಿ ಹೌದು-ಅಲ್ಲ ಪ್ರಶ್ನೆಗಳಿಗೆ ಉತ್ತರ ಬರಲು ಹಿಡಿಯುವ ಹೊತ್ತನ್ನು ಸ್ಟೈವರ್ಸ್ ಮತ್ತು ಸಂಗಡಿಗರು 2009ರಲ್ಲಿ ಅಳೆದರು. ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲಿಕ್ಕೇ ನಮಗೆ 600 ಮಿಲಿಸೆಕೆಂಡ್ ಆಸುಪಾಸು ಬೇಕು. ಲೆಕ್ಕ ಹೊಂದಬೇಕಾದರೆ ಒಂದೇ ದಾರಿ: ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರ ಕಟ್ಟಿಕೊಂಡು ಕಾಯುತ್ತಿರುತ್ತೇವೆ. ಹಾಗಾಗಿ ಒಂದು ಸೆಕೆಂಡ್ ತಡವಾದರೂ ಕಿವಿ ನಿಮಿರುತ್ತದೆ. ಇಂಗ್ಲಿಷ್ ಸಂಭಾಷಣೆಗಳ ಧ್ವನಿಮುದ್ರಿಕೆ ಆಧರಿಸಿ ಜೆಫರ್ಸನ್ 1989ರಲ್ಲಿ ಹೇಳಿದ್ದೂ ಇದೇ: ಜನ ಸಾಮಾನ್ಯವಾಗಿ ತಾಳಿಕೊಳ್ಳುವುದು ಒಂದು ಸೆಕೆಂಡಿನ ಆಸುಪಾಸು, ಅದು ದಾಟಿದರೆ ಯಾರಾದರೊಬ್ಬರು ಏನಾದರೂ ಮಾಡುತ್ತಾರೆ.

ಕಿವಿಮಾತು_೪೨
ತಡವಾಗುವುದೇ ಸುದ್ದಿ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸ್ತೀನಿ. 'ನಾಳೆ ಬರ್ತೀರಾ?' ಅಂತ ಕೇಳಿದಾಗ 'ಬರ್ತೀನಿ' ಅನ್ನೋದು ಬೇಗ ಬರುತ್ತೆ, 'ಆಗಲ್ಲ' ಅನ್ನೋದು ತಡವಾಗಿ ಬರುತ್ತೆ. ನಿರಾಕರಣೆಗೆ ಮೊದಲು ಒಂದು ತೆರಪು, ಆಮೇಲೆ 'ಅಂ…', 'ಅದೇನಪ್ಪಾ ಅಂದ್ರೆ…', ಆಮೇಲೆ ಕಾರಣ. ಕೊನೆಗೂ 'ಇಲ್ಲ' ಅನ್ನೋ ಪದ ಬರದೇ ಇರಬಹುದು. ಇದು ಎಲ್ಲರಿಗೂ ಗೊತ್ತಿರೋದ್ರಿಂದಲೇ, ಮುಕ್ಕಾಲು ಸೆಕೆಂಡ್ ದಾಟಿದ ಕೂಡ್ಲೇ ಕೇಳಿದವರ ಮನಸ್ಸು 'ಓ, ಇದು ಇಲ್ಲ ಅಂತ' ಅಂದುಕೊಳ್ಳೋಕೆ ಶುರು ಮಾಡುತ್ತೆ.

ಇಲ್ಲಿ ಎರಡು ಕಡೆಯವರಿಗೂ ಕೆಲಸ ಇದೆ.

ಉತ್ತರಿಸುವವರು: ನಿಜಕ್ಕೂ ಯೋಚಿಸೋಕೆ ಸಮಯ ಬೇಕಿದ್ರೆ ಅದನ್ನ ಬಾಯಲ್ಲೇ ಹೇಳಿಬಿಡಿ. 'ಒಂದ್ನಿಮಿಷ, ಯೋಚಿಸಿ ಹೇಳ್ತೀನಿ' ಅಂದ್ರೆ ಸರದಿ ನಿಮ್ಮ ಕೈಗೆ ಬಂತು. ಆಮೇಲೆ ಐದಾರು ಸೆಕೆಂಡ್ ಸುಮ್ಮನಿದ್ರೂ ಯಾರಿಗೂ ಬೇಜಾರಿಲ್ಲ. ಬರೀ 'ಅಂ…' ಅನ್ನೋದೂ ಅದೇ ಕೆಲಸ ಮಾಡುತ್ತೆ, ಆದ್ರೆ ಅದರ ಆಯಸ್ಸು ಕಮ್ಮಿ.

ಕೇಳಿದವರು: ತಡವಾಯ್ತು ಅಂತ ಪ್ರಶ್ನೆಯನ್ನ ತಿರುಗಿಸಿ ಹಾಕ್ಬೇಡಿ. 'ಬರ್ತೀರಾ?' ಮೌನ. 'ಅಥವಾ ನಿಮಗೆ ಆಗಲ್ವಾ?' ಹೀಗೆ ಕೇಳಿದ್ರೆ 'ಆಗಲ್ಲ' ಅನ್ನೋದಕ್ಕೆ ನೀವೇ ಬಾಗಿಲು ತೆಗೆದಂಗೆ. ಒಪ್ಪೋಕೆ ಹೊರಟಿದ್ದವರೂ ಅಲ್ಲಿಂದ ನುಸುಳ್ತಾರೆ.

ಒರೆಗಲ್ಲು
ಅಂಕಿಗಳ ಬಗ್ಗೆ ಒಂದು ತಕರಾರು. 200 ಮಿಲಿಸೆಕೆಂಡ್ ಎಂಬುದು ಸರಾಸರಿ. ಅದೇ 2009ರ ಅಧ್ಯಯನದಲ್ಲಿ ಜಪಾನಿ ಭಾಷೆಯವರ ಸರಾಸರಿ ಹತ್ತು ಮಿಲಿಸೆಕೆಂಡಿಗಿಂತ ಕಡಿಮೆ, ಡೇನಿಶ್ ಭಾಷೆಯವರದ್ದು ಅರ್ಧ ಸೆಕೆಂಡಿಗೆ ಹತ್ತಿರ. ಜಪಾನಿಗಳು ಮೌನಪ್ರಿಯರು ಎಂದು ಹೇಳಿಕೊಂಡು ತಿರುಗುವವರು ಇದನ್ನೊಮ್ಮೆ ನೋಡಬೇಕು. ಮಾನವಶಾಸ್ತ್ರಜ್ಞ ಕೀತ್ ಬ್ಯಾಸೊ 1970ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಪಶ್ಚಿಮ ಅಪಾಚೆ ಜನರ ಬಗ್ಗೆ ಬರೆದದ್ದು ಇನ್ನೂ ಸ್ಪಷ್ಟ: ಅಪರಿಚಿತರು ಎದುರಾದಾಗ, ದೂರದ ಶಾಲೆಯಿಂದ ಮಕ್ಕಳು ಮನೆಗೆ ಮರಳಿದಾಗ, ದುಃಖದಲ್ಲಿರುವವರ ಜೊತೆಗಿರುವಾಗ ಅವರಲ್ಲಿ ಸುಮ್ಮನಿರುವುದೇ ಸರಿಯಾದ ನಡತೆ. ಅಲ್ಲಿ ಮಾತಾಡಲು ಆತುರಪಡುವವನ ಮೇಲೇ ಅನುಮಾನ.

ಆದ್ದರಿಂದ 'ಇಷ್ಟು ಸೆಕೆಂಡ್ ದಾಟಿದರೆ ಮುಜುಗರ' ಎಂಬ ಒಂದೇ ಗೆರೆ ಎಲ್ಲರಿಗೂ ಎಳೆಯಲು ಬರುವುದಿಲ್ಲ. ಎದುರಿನವರ ವೇಗ ಗಮನಿಸಿ. ಅವರು ಪ್ರತಿ ಸಲವೂ ಒಂದು ಕ್ಷಣ ಬಿಟ್ಟೇ ಉತ್ತರಿಸುವವರಾದರೆ, ಆ ಕ್ಷಣದಲ್ಲಿ ನೀವು ಬಾಯಿ ಹಾಕಿದಾಗೆಲ್ಲ ಅವರ ಸರದಿ ಕಿತ್ತುಕೊಂಡಿರುತ್ತೀರಿ. ಆಮೇಲೆ 'ಅವರು ಮಾತೇ ಆಡಲ್ಲ' ಎಂದು ದೂರುವುದು ನ್ಯಾಯವಲ್ಲ.

ತೆರಪು
ಒರೆಗಲ್ಲು ಅವರ ಮಾತು ಒಪ್ಪುತ್ತೇನೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಸರಾಸರಿ ಹಿಂದೆ ಮುಂದೆ ಆದರೂ ಒಟ್ಟು ವ್ಯತ್ಯಾಸ ಅರ್ಧ ಸೆಕೆಂಡಿನೊಳಗೇ. ಎಲ್ಲ ಭಾಷೆಯವರೂ ತೆರಪನ್ನು ಆದಷ್ಟು ಕಿರಿದಾಗಿಸಲು ನೋಡುತ್ತಾರೆ.

ಅರ್ಧವಿರಾಮ
ಹಾಗಾದರೆ ಮುಜುಗರ ಯಾಕೆ ಆಗುತ್ತೆ ಸರ್? ತಡ ಆಯ್ತು, ಆಗಲಿ ಬಿಡು ಅಂತ ಯಾಕೆ ಅನ್ನಿಸಲ್ಲ?

ಒಳದನಿ
ನೆದರ್ಲೆಂಡ್ಸ್‌ನಲ್ಲಿ ಕೌಡನ್‌ಬರ್ಗ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರ. ಗುಂಪಿನಲ್ಲಿ ಒಬ್ಬರು ಏನೋ ಹೇಳುತ್ತಾರೆ. ಒಂದು ವೀಡಿಯೋದಲ್ಲಿ ಮಾತು ಸರಾಗವಾಗಿ ಮುಂದುವರಿಯುತ್ತದೆ, ಇನ್ನೊಂದರಲ್ಲಿ ಆ ಮಾತಿನ ನಂತರ 4 ಸೆಕೆಂಡ್ ಮೌನ. ಆ ಮಾತು ಹೇಳಿದವರು ತಾವೇ ಎಂದು ಭಾವಿಸಿಕೊಂಡು ನೋಡಿದವರಲ್ಲಿ, ಮೌನವಿದ್ದ ವೀಡಿಯೋ ನೋಡಿದವರಿಗೆ ತಾವು ಗುಂಪಿನಿಂದ ಹೊರಗುಳಿದಂತೆ, ತಮ್ಮ ಅಭಿಪ್ರಾಯ ಯಾರಿಗೂ ಒಪ್ಪಿಗೆಯಾಗದಂತೆ ಅನ್ನಿಸಿತು. ಯಾರೂ ವಿರೋಧಿಸಿರಲಿಲ್ಲ, ಮುಖ ಸಿಂಡರಿಸಿರಲಿಲ್ಲ. ನಾಲ್ಕೇ ಸೆಕೆಂಡ್.

ಸರಾಗತೆಯನ್ನು ನಾವು 'ನಾವೆಲ್ಲ ಒಂದೇ' ಎಂಬುದರ ಗುರುತಾಗಿ ಓದುತ್ತೇವೆ. ಅದು ತುಂಡಾದಾಗ ಮನಸ್ಸು ಕಾರಣ ಹುಡುಕುತ್ತದೆ, ಸುಲಭವಾಗಿ ಕೈಗೆ ಸಿಗುವ ಕಾರಣ 'ನಾನು'. ಸಾಮಾಜಿಕ ಆತಂಕ ಇರುವವರಲ್ಲಿ ಇದು ಒಂದು ಸುತ್ತಾಗಿ ಬೆಳೆಯುತ್ತದೆ: ಗಮನ ಎದುರಿನವರಿಂದ ಕಳಚಿ ತಮ್ಮ ಮೇಲೆ ತಿರುಗುತ್ತದೆ, 'ಹೇಗೆ ಕಾಣುತ್ತಿದ್ದೇನೆ, ಮುಂದೇನು ಹೇಳಲಿ' ಎಂದು. ಆಗ ಎದುರಿನವರು ಹೇಳಿದ್ದು ಕಿವಿಗೆ ಬಿದ್ದಿರುವುದಿಲ್ಲ. ಕೇಳಿಸಿಕೊಳ್ಳದ ಮಾತಿಗೆ ಮುಂದಿನ ಪ್ರಶ್ನೆ ಎಲ್ಲಿಂದ ಬರಬೇಕು? ಮೌನ ಇನ್ನೂ ಉದ್ದವಾಗುತ್ತದೆ.

ಇದನ್ನು ಮುರಿಯುವ ಜಾಗ ಒಂದೇ: ಗಮನವನ್ನು ಹೊರಗೆ ತರುವುದು. 'ಶಾಂತವಾಗಿರಬೇಕು' ಎಂದುಕೊಂಡರೆ ಅದೂ ತನ್ನ ಮೇಲಿನ ಗಮನವೇ, ಕೆಲಸಕ್ಕೆ ಬಾರದು. ಬದಲಿಗೆ ಎದುರಿನವರ ಕೊನೆಯ ವಾಕ್ಯದಲ್ಲಿ ಒಂದು ನಾಮಪದ ಹಿಡಿದುಕೊಳ್ಳಿ, ಊರೋ ಕೆಲಸವೋ ವಸ್ತುವೋ. ಮಾತು ನಿಂತಾಗ ಅದರ ಬಗ್ಗೆ ಕೇಳಿ.

ಸರದಿಸಾಲು
ಸ್ನೇಹಿತರ ನಡುವೆ ಲೆಕ್ಕವೇ ಬೇರೆ. ಟೆಂಪಲ್ಟನ್ ಮತ್ತು ಸಂಗಡಿಗರು 2023ರಲ್ಲಿ ಅಪರಿಚಿತರ ಮತ್ತು ಸ್ನೇಹಿತರ ಮಾತುಕತೆಗಳಲ್ಲಿ 2 ಸೆಕೆಂಡ್ ದಾಟಿದ ತೆರಪುಗಳನ್ನು ಹೋಲಿಸಿದ್ದಾರೆ. ಆಗ ಅಪರಿಚಿತರಿಗೆ ಎದುರಿನವರಿಂದ ದೂರವಾದಂತೆ ಅನ್ನಿಸುತ್ತದೆ, ಸ್ನೇಹಿತರಿಗೆ ಹಾಗಲ್ಲ. ಅಂಥ ತೆರಪಿನಲ್ಲಿ ಸ್ನೇಹಿತರು ನಗುವುದೂ ಹೆಚ್ಚು. ಹಾಗಾಗಿ ಹಳೇ ಸ್ನೇಹಿತರ ಜೊತೆಗಿನ ಮೌನವನ್ನೂ 'ಸರಿಪಡಿಸಲು' ಹೊರಟರೆ ಆ ಪ್ರಯತ್ನವೇ ಅಸಹಜ ಅನ್ನಿಸುತ್ತದೆ.

ಕಿವಿಮಾತು_೪೨
ಇನ್ನು ಮಾತು ಬತ್ತಿಹೋಗೋ ಮೂರನೇ ಬಗೆ. ಜನ ಎಡವೋದು ಎಲ್ಲಿ ಅಂದ್ರೆ, ಮೌನ ಬಿದ್ದ ಕೂಡ್ಲೇ ಹೊಚ್ಚ ಹೊಸ ವಿಷಯ ಹುಡುಕ್ತಾರೆ. ಅದೇ ಕಷ್ಟದ ದಾರಿ. ಸುಲಭದ ದಾರಿ ಹಿಂದಕ್ಕೆ ಹೋಗೋದು. ಹತ್ತು ನಿಮಿಷದ ಮಾತಲ್ಲಿ ಮೂರ್ನಾಲ್ಕು ಎಳೆ ಅರ್ಧಕ್ಕೇ ಬಿಟ್ಟಿರ್ತೀವಿ. 'ಆಗ್ಲೇ ಮನೆ ಬದಲಾಯಿಸ್ತಿದ್ದೀವಿ ಅಂದ್ರಲ್ಲ, ಎಲ್ಲಿವರೆಗೆ ಬಂತು?' ಇಷ್ಟೇ ಸಾಕು. ನೀವು ಕೇಳಿಸಿಕೊಂಡಿದ್ರಿ ಅನ್ನೋದೂ ಅವರಿಗೆ ಗೊತ್ತಾಗುತ್ತೆ. ಎದುರಿನವರು ಹೇಳಿದ್ದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವವರನ್ನ ಜನ ಹೆಚ್ಚು ಇಷ್ಟಪಡ್ತಾರೆ ಅಂತ 2017ರಲ್ಲಿ ಕ್ಯಾರೆನ್ ಹುವಾಂಗ್ ಮತ್ತು ಜೊತೆಯವರ ಅಧ್ಯಯನ ತೋರಿಸಿದೆ.

ಪ್ರಶ್ನೆ ಕೇಳುವಾಗಿನ ತಪ್ಪುಗಳು:

'ಪ್ರಯಾಣ ಚೆನ್ನಾಗಿತ್ತಾ?' ಅಂದ್ರೆ 'ಹ್ಞೂಂ' ಬರುತ್ತೆ, ಮತ್ತೆ ಮೌನ. 'ಪ್ರಯಾಣದಲ್ಲಿ ಯಾವ ಭಾಗ ಸಾಕುಸಾಕಾಯ್ತು?' ಅಂದ್ರೆ ಕನಿಷ್ಠ ಎರಡು ವಾಕ್ಯ ಬರುತ್ತೆ.

ಅದಕ್ಕೆ ತದ್ವಿರುದ್ಧದ ತಪ್ಪು, ಅತಿ ದೊಡ್ಡ ಪ್ರಶ್ನೆ. 'ಮತ್ತೆ, ಜೀವನ ಹೇಗಿದೆ?' ಇದಕ್ಕೆ ಪ್ರಾಮಾಣಿಕ ಉತ್ತರ ಅರ್ಧ ಗಂಟೆದು, ಹಾಗಾಗಿ 'ನಡೀತಿದೆ' ಅಂತ ಹೇಳಿ ಮುಗಿಸ್ತಾರೆ.

ಒಂದರ ಹಿಂದೊಂದು ಪ್ರಶ್ನೆ ಹಾಕಿದ್ರೆ ವಿಚಾರಣೆ ಆಗುತ್ತೆ. ಎರಡು ಪ್ರಶ್ನೆಗೆ ಒಂದ್ಸಲ ನಿಮ್ಮ ಕಡೆಯಿಂದಲೂ ಒಂದು ವಾಕ್ಯ ಕೊಡಿ.

ಇನ್ನೊಂದು, ಯಾವತ್ತೂ ಬೇಡದ್ದು: 'ಯಾಕೆ ಇಷ್ಟು ಸುಮ್ಮನಿದ್ದೀರಾ?', 'ಏನಾದ್ರೂ ಮಾತಾಡಿ'. ಹೊಣೆಯನ್ನೆಲ್ಲ ಎದುರಿನವರ ತಲೆಗೆ ಕಟ್ಟಿ, ಅದನ್ನ ಎಲ್ಲರ ಮುಂದೆ ತೋರಿಸಿದಂಗೆ. ಹೀಗೆ ಕೇಳಿಸಿಕೊಂಡು ಮಾತು ಹೆಚ್ಚು ಮಾಡಿದವರು ಯಾರೂ ಇಲ್ಲ.

ಒರೆಗಲ್ಲು
ಮಾತು ಬತ್ತಿದೆ ಎಂದರೆ ಕೆಲವೊಮ್ಮೆ ಮುಗಿದಿದೆ ಎಂದೇ ಅರ್ಥ. ಅದನ್ನು ಎಲ್ಲರೂ ಮರೆಯುತ್ತಿದ್ದೀರಿ. ಮಾಸ್ಟ್ರೊಯಾನಿ ಮತ್ತು ಸಂಗಡಿಗರ 2021ರ ಅಧ್ಯಯನದಲ್ಲಿ ಇಬ್ಬರಿಗೂ ಬೇಕಾದ ಹೊತ್ತಿಗೆ ಮುಗಿದ ಸಂಭಾಷಣೆಗಳು ಸುಮಾರು 2 ಶೇಕಡ ಮಾತ್ರ. ಏಳಲು ಮನಸ್ಸಿದ್ದರೂ ಇನ್ನೊಬ್ಬರಿಗೆ ಬೇಜಾರಾದೀತೆಂದು ಕೂರುತ್ತಾರೆ, ಎದುರಿನವರ ಮನಸ್ಸಿನಲ್ಲಿರುವುದನ್ನು ಊಹಿಸುವಾಗ ಬಹಳ ಎಡವುತ್ತಾರೆ.

ಒಂದೇ ವಿಷಯ ಎರಡನೇ ಸಲ ಬಂತು, ಉತ್ತರಗಳು 'ಹೌದು ಹೌದು', 'ಅದೇ ಮತ್ತೆ' ಎಂಬಲ್ಲಿಗೆ ಇಳಿದವು, ಎರಡು ಮೌನಗಳು ಹತ್ತಿರ ಹತ್ತಿರ ಬಿದ್ದವು. ಇಷ್ಟಾದರೆ ಮುಗಿಸಿ. ಕ್ರಮ ಹೀಗಿರಲಿ: 'ಸರಿ ಹಾಗಾದ್ರೆ' ಎಂದು ಮೊದಲು ಸೂಚನೆ ಕೊಟ್ಟು ಅರೆಕ್ಷಣ ಬಿಡಿ. ಅವರಿಗೆ ಇನ್ನೇನಾದರೂ ಹೇಳುವುದಿದ್ದರೆ ಅಲ್ಲೇ ಹೇಳುತ್ತಾರೆ. ಇಲ್ಲವಾದರೆ ಅವರೂ 'ಸರಿ' ಅನ್ನುತ್ತಾರೆ. ಆಮೇಲೆ ಮಾತಿನಲ್ಲಿ ಬಂದ ಒಂದು ವಿಷಯವನ್ನು ಮುಂದಕ್ಕೆ ಕಟ್ಟಿ ('ಪರೀಕ್ಷೆ ಆದಮೇಲೆ ತಿಳಿಸಿ'), ಎದ್ದುಬಿಡಿ. ಸೂಚನೆ ಕೊಡದೆ ತಟ್ಟನೆ ಎದ್ದರೆ ಒರಟು. ಸೂಚನೆ ಕೊಟ್ಟಮೇಲೂ ಬಾಗಿಲ ಬಳಿ ಹೊಸ ವಿಷಯ ತೆಗೆದರೆ ಇನ್ನೊಂದು ಸುತ್ತು ಗ್ಯಾರಂಟಿ.

ತಂತಿಮಾತು
ವೀಡಿಯೋ ಕಾಲ್ ಬಗ್ಗೆ ಕೇಳಿದ್ರಲ್ಲ, ಅದು ನನ್ನ ಕ್ಷೇತ್ರ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಪ್ರಕಾರ, ಒಂದು ಬಾಯಿಂದ ಇನ್ನೊಂದು ಕಿವಿಗೆ ಧ್ವನಿ ತಲುಪುವ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಹೆಚ್ಚಿನ ಬಳಕೆಗೆ ತೊಂದರೆಯಿಲ್ಲ. 400 ದಾಟಬಾರದು.

ಈ ವಿಳಂಬ ಎರಡು ಸಲ ಲೆಕ್ಕಕ್ಕೆ ಬರುತ್ತೆ ಅನ್ನೋದು ಹೆಚ್ಚಿನವರಿಗೆ ಹೊಳೆಯಲ್ಲ. ಒಂದು ಕಡೆಗೆ 300 ಮಿಲಿಸೆಕೆಂಡ್ ಅಂದುಕೊಳ್ಳಿ. ನಿಮ್ಮ ಪ್ರಶ್ನೆ ಅಲ್ಲಿಗೆ ಹೋಗೋಕೆ 300, ಅವರ ಉತ್ತರ ಬರೋಕೆ 300. ಅವರು 200ರಲ್ಲೇ ಚಟ್ಟಂತ ಉತ್ತರಿಸಿದರೂ ನಿಮಗೆ ಕೇಳುವ ತೆರಪು 800. ಅವರ ಪಾಲಿಗೆ ಅವರು ತಡಮಾಡಿಲ್ಲ, ನಿಮ್ಮ ಪಾಲಿಗೆ ಮಾಡಿದ್ದಾರೆ. ಮೇಲೆ ಕಿವಿಮಾತು ಅವರು ಹೇಳಿದ ಮುಕ್ಕಾಲು ಸೆಕೆಂಡ್ ಇಲ್ಲೇ ದಾಟಿಹೋಯ್ತು. ಭೂಸ್ಥಿರ ಉಪಗ್ರಹದ (ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣೋದು) ಮೂಲಕ ಹೋದರೆ ಇನ್ನೂ ಕೆಟ್ಟದು: ಅದು ಇರೋದು 35,786 ಕಿ.ಮೀ. ಎತ್ತರದಲ್ಲಿ, ಮೇಲೆ ಹೋಗಿ ಕೆಳಗಿಳಿಯೋಕೆ ಸುಮಾರು ಕಾಲು ಸೆಕೆಂಡ್ ಬೇಕು, ಪ್ರಶ್ನೋತ್ತರಕ್ಕೆ ಅರ್ಧ ಸೆಕೆಂಡ್. ಟಿವಿ ನೇರಪ್ರಸಾರದಲ್ಲಿ ದೂರದ ವರದಿಗಾರರು ಪ್ರಶ್ನೆ ಮುಗಿದಮೇಲೂ ತಲೆ ಆಡಿಸ್ತಾ ನಿಂತಿರೋದಕ್ಕೆ ಇದೂ ಒಂದು ಕಾರಣ.

ಕೆಟ್ಟ ಸಂಗತಿ ಏನಂದ್ರೆ ಜನ ಬೈಯೋದು ಲೈನನ್ನಲ್ಲ, ಎದುರಿನವರನ್ನ. ವಿಳಂಬ ಇದ್ದ ಕರೆಗಳಲ್ಲಿ ಎದುರಿನವರು ಗಮನ ಕೊಡುತ್ತಿಲ್ಲ ಅಂತ ಜನ ಭಾವಿಸ್ತಾರೆ ಅನ್ನೋದನ್ನ 2014ರಲ್ಲಿ ಷೋನೆನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದ್ದಾರೆ.

ಮಾಡಬಹುದಾದದ್ದು: ಬ್ಲೂಟೂತ್ ಬದಲು ತಂತಿ ಇರುವ ಇಯರ್‌ಫೋನ್ ಹಾಕಿ, ಬ್ಲೂಟೂತ್ ತನ್ನ ಪಾಲಿನ ವಿಳಂಬ ಸೇರಿಸುತ್ತೆ. ವೈಫೈ ಬದಲು ಕೇಬಲ್ ಸಾಧ್ಯವಾದರೆ ಅದು. ಇಬ್ಬರೇ ಇರುವ ಕರೆಯಲ್ಲಿ, ಸುತ್ತ ಗದ್ದಲ ಇಲ್ಲದಿದ್ದರೆ, ಮ್ಯೂಟ್ ಮಾಡಬೇಡಿ. ಮ್ಯೂಟ್ ತೆಗೆಯೋಕೇ ಒಂದು ಸೆಕೆಂಡ್ ಹೋಗುತ್ತೆ, ನಿಮ್ಮ 'ಹ್ಞೂಂ ಹ್ಞೂಂ' ಕೂಡ ಅವರಿಗೆ ಕೇಳಲ್ಲ. ಫೋನಲ್ಲಿ ಸಂಪೂರ್ಣ ನಿಶ್ಶಬ್ದವಾದರೆ ಲೈನ್ ಕಟ್ಟಾಯ್ತು ಅಂದುಕೊಳ್ತಾರೆ ಅಂತಲೇ ಮೊಬೈಲ್ ಜಾಲಗಳು ಯಾರೂ ಮಾತಾಡದಾಗ ಸಣ್ಣ ಕೃತಕ 'ಹುಶ್' ಸದ್ದು ಸೇರಿಸುತ್ತವೆ. ಮ್ಯೂಟ್ ಮಾಡಿದಾಗ ನಿಮ್ಮ ಕೋಣೆಯ ಸದ್ದೂ ಹೋಗುತ್ತೆ, ನೀವಿದ್ದೀರೋ ಇಲ್ಲವೋ ಅನ್ನೋ ಅನುಮಾನ ಬರುತ್ತೆ.

ಕಪ್ಪುಹಲಗೆ
ಮೌನ ತುಂಬಬಾರದ ಜಾಗಗಳ ಪೈಕಿ ತರಗತಿ ಮೊದಲನೆಯದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು, ಆಮೇಲೆ ತಾವೇ ಹೇಳಿಬಿಡುತ್ತಿದ್ದರು ಅಥವಾ ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಕಡಿಮೆಯಾಯಿತು, ಹಿಂದೆ ಬಾಯಿಬಿಡದ ಮಕ್ಕಳೂ ಮಾತಾಡಿದರು.

ಕಾಯಬೇಕಾದ ಜಾಗ ಎರಡು. ಪ್ರಶ್ನೆಯ ನಂತರ ಕಾಯುವುದು ಎಲ್ಲರಿಗೂ ಗೊತ್ತು. ಉತ್ತರದ ನಂತರವೂ ಕಾಯಬೇಕು, ಅದನ್ನು ಬಿಟ್ಟುಬಿಡುತ್ತಾರೆ. ಮಗು ಒಂದು ವಾಕ್ಯ ಹೇಳಿ ನಿಂತಾಗ 'ಶಭಾಷ್' ಅಂದರೆ ಮಾತು ಅಲ್ಲಿಗೇ ಮುಗಿಯಿತು. ಮೂರು ಸೆಕೆಂಡ್ ಬಿಟ್ಟರೆ 'ಯಾಕಂದ್ರೆ…' ಎಂದು ತಾನೇ ಮುಂದುವರಿಸುತ್ತದೆ. ಮನೆಯಲ್ಲಿ ಹದಿಹರೆಯದವರ ಜೊತೆ ಮಾತಾಡುವವರಿಗೂ ಇದು ಅನ್ವಯ. ಕಾಯುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಯೋಚಿಸುವವರಿಗೆ ದೃಷ್ಟಿ ಬೇರೆ ಕಡೆ ಹೊರಳಿಸುವುದು ಬೇಕಾಗುತ್ತದೆ.

ಚೌಕಾಸಿ
ಚೌಕಾಸಿಯಲ್ಲೂ ಅಷ್ಟೇ. ಬೆಲೆ ಹೇಳಿ ಸುಮ್ಮನಿರೋಕಾಗದೆ 'ಸ್ವಲ್ಪ ಹೆಚ್ಚು ಕಮ್ಮಿ ಮಾಡ್ಕೊಳ್ಳೋಣ' ಅಂತ ತಾವೇ ಇಳಿಯೋರು ಬಹಳ. ಕರ್ಹಾನ್ ಮತ್ತು ಸಂಗಡಿಗರ 2021ರ ಅಧ್ಯಯನದಲ್ಲಿ 3 ಸೆಕೆಂಡಿಗಿಂತ ಉದ್ದದ ಮೌನ ಇಬ್ಬರಿಗೂ ಲಾಭದ ಒಪ್ಪಂದಕ್ಕೆ ನೆರವಾಗಿದೆ. ಕಾರಣ ಹೆದರಿಸುವುದಲ್ಲ, ಸುಮ್ಮನಿದ್ದವರು ನಿಧಾನವಾಗಿ ಯೋಚಿಸಿದ್ದು.

ಒಳದನಿ
ಸಾವು, ಕಾಯಿಲೆಯ ಸುದ್ದಿ ಕೇಳಿದಾಗಲೂ ತುಂಬಬೇಡಿ. 'ಎಲ್ಲ ಒಳ್ಳೇದಕ್ಕೇ', 'ಗಟ್ಟಿ ಮನಸ್ಸು ಮಾಡ್ಕೊಳ್ಳಿ' ಎನ್ನುವುದು ಹೇಳುವವರ ಮುಜುಗರ ಕಳೆಯುತ್ತದೆ, ಕೇಳುವವರಿಗೆ ಅದರಿಂದ ಪ್ರಯೋಜನವಿಲ್ಲ. 'ಕೇಳಿ ತುಂಬಾ ಬೇಜಾರಾಯ್ತು' ಎಂದು ಹೇಳಿ ಪಕ್ಕದಲ್ಲಿ ಕೂತರೆ ಸಾಕು.

ನಾಲಿಗೆ_ತುದಿ
ವಾಕ್ ಚಿಕಿತ್ಸೆಯ ಕಡೆಯಿಂದ ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ತೊದಲು ಅಂದರೆ ಅಕ್ಷರ ಮರುಕಳಿಸುವುದು ಮಾತ್ರವಲ್ಲ. ಸದ್ದೇ ಹೊರಡದೆ ಸಿಕ್ಕಿಹಾಕಿಕೊಳ್ಳುವುದೂ ಇದೆ, ಹೊರಗಿನವರಿಗೆ ಅದು ಬರೀ ಮೌನದಂತೆ ಕಾಣುತ್ತದೆ. ಮೇಲೆ ತೆರಪು ಅವರು ಹೇಳಿದ ಮೊದಲ ಬಗೆ ಇದು: ಸರದಿ ಅವರದ್ದೇ.

ಪದ ಪೂರ್ತಿ ಮಾಡಿಕೊಡಬೇಡಿ, ಊಹೆ ಸರಿಯಾಗಿದ್ದರೂ. 'ನಿಧಾನ', 'ಉಸಿರು ತಗೊಳ್ಳಿ' ಅನ್ನಬೇಡಿ. ದೃಷ್ಟಿ ತಟ್ಟನೆ ತಪ್ಪಿಸಬೇಡಿ, ಮುಂಚೆ ಹೇಗೆ ನೋಡುತ್ತಿದ್ದಿರೋ ಹಾಗೇ ನೋಡಿ. ನಿಮ್ಮ ಮಾತಿನ ವೇಗವನ್ನೇ ಸ್ವಲ್ಪ ಇಳಿಸಿದರೆ ಅವರ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಪಾರ್ಶ್ವವಾಯುವಿನ ನಂತರ ಪದ ಸಿಗದೆ ಹುಡುಕುವವರ ವಿಷಯ ಕೊಂಚ ಭಿನ್ನ. ಮೊದಲು ಕಾಯಿರಿ, ಆಮೇಲೆ 'ಸಹಾಯ ಮಾಡ್ಲಾ, ಇನ್ನೂ ಸ್ವಲ್ಪ ನೋಡ್ತೀರಾ?' ಎಂದು ಕೇಳಿ. ಒಪ್ಪಿದರೆ ಒಂದು ಸಲಕ್ಕೆ ಒಂದೇ ಹೌದು-ಅಲ್ಲ ಪ್ರಶ್ನೆ ಹಾಕಿ, ಅಥವಾ ಕಾಗದ ಪೆನ್ನು ಮುಂದಿಡಿ.

ಅರ್ಧವಿರಾಮ
ಎಲ್ಲರಿಗೂ ಧನ್ಯವಾದ, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ತು. ಒಂದು ಉಳಿದಿದೆ: ಗುಂಪಿನಲ್ಲಿ ನಾವು ಹೇಳಿದ್ದು ತಪ್ಪಾಗಿ ತಾಗಿ ಎಲ್ಲರೂ ಸುಮ್ಮನಾದರೆ? ಅದು ಯಾವ ಬಗೆ?

ತೆರಪು
ಎರಡನೇ ಬಗೆ. ಪ್ರತಿಕ್ರಿಯೆ ಬಾಕಿ ಇದೆ, ಯಾರಿಗೂ ಕೊಡಲು ಮನಸ್ಸಿಲ್ಲ. ಅಲ್ಲಿ ವಿಷಯ ಬದಲಿಸಿದರೆ ನಿಮಗೆ ತಾಗಿದ್ದು ಗೊತ್ತಾಗಿಯೂ ದಾಟಿಸುತ್ತಿದ್ದೀರಿ ಎಂದು ಕಾಣುತ್ತದೆ. 'ತಮಾಷೆಗೆ ಹೇಳಿದೆ' ಇನ್ನೂ ಕೆಟ್ಟದ್ದು, ನಗದಿದ್ದವರದ್ದೇ ತಪ್ಪು ಎಂದಾಗುತ್ತದೆ. 'ಆ ಮಾತು ಸರಿ ಬರಲಿಲ್ಲ, ಕ್ಷಮಿಸಿ' ಎಂದು ಒಂದೇ ವಾಕ್ಯದಲ್ಲಿ ಹಿಂತೆಗೆದುಕೊಳ್ಳಿ. ವಿವರಣೆ ಬೆಳೆಸಿದಷ್ಟೂ ಬೇರೆಯವರು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಾದಮೇಲೆ ಮುಂದಿನ ಮಾತು ನೀವು ಎತ್ತಬೇಡಿ, ಬೇರೆಯವರು ಎತ್ತಲಿ. ಹೆಚ್ಚೆಂದರೆ ಮೂರ್ನಾಲ್ಕು ಸೆಕೆಂಡ್.

ಕಿವಿಮಾತು_೪೨
ಗುಂಪಲ್ಲಿ ಒಬ್ಬರ ಮೇಲೇ ಹೇಳಿದ್ದಾದ್ರೆ, ಅವರ ಹತ್ರ ಆಮೇಲೆ ಒಬ್ಬರೇ ಇದ್ದಾಗ ಇನ್ನೊಂದ್ಸಲ ಕ್ಷಮೆ ಕೇಳಿ. ಎಲ್ಲರ ಮುಂದೆ ಕೇಳಿದ ಕ್ಷಮೆಗೆ ಅವರು 'ಪರವಾಗಿಲ್ಲ' ಅಂತ ಅನ್ನಲೇಬೇಕಾಗಿರುತ್ತೆ.